ಡಿಸೆಂಬರಿನ ಕೈ, ಏಪ್ರಿಲಿನ ಕಣ್ಣು

ಚಲಚ್ಚಿತ್ರ ನೋಡುವವರು ಸಾಮಾನ್ಯವಾಗಿ ಒಂದು ಸಂಗತಿಯನ್ನು ಗಮನಿಸುವುದಿಲ್ಲ. ತೆರೆಯ ಮೇಲೆ ಇಬ್ಬರು ಎದುರುಬದುರಾಗಿ ಕುಳಿತು ಮಾತನಾಡುತ್ತಿರುತ್ತಾರೆ. ಒಬ್ಬನ ಮುಖ ಕಾಣುತ್ತದೆ; ಮರುಕ್ಷಣದಲ್ಲಿ ಅದು ಮಾಯವಾಗಿ ಅದೇ ಜಾಗದಲ್ಲಿ ಇನ್ನೊಬ್ಬನ ಮುಖ ಮೂಡುತ್ತದೆ. ನಿಜವಾದ ಲೋಕದಲ್ಲಿ ಯಾರೂ ಹೀಗೆ ತಟಕ್ಕನೆ ಮಾಯವಾಗುವುದಿಲ್ಲ. ಆದರೂ ನಾವು ಬೆಚ್ಚಿಬೀಳುವುದಿಲ್ಲ. ಕಥೆಯೊಡನೆ ಸುಮ್ಮನೆ ಮುಂದೆ ಸಾಗುತ್ತೇವೆ. ಮೊದಲನೆಯ ಮುಖವನ್ನು ಡಿಸೆಂಬರಿನಲ್ಲಿಯೂ ಎರಡನೆಯದನ್ನು ಏಪ್ರಿಲಿನಲ್ಲಿಯೂ ಚಿತ್ರಿಸಿದ್ದರೂ ನಮಗೆ ಅದು ತಿಳಿಯದೆ ಹೋಗಬಹುದು. ಇದು ಹೇಗೆ ಸಾಧ್ಯ? ಎಲ್ಲಿಯವರೆಗೆ ಸಾಧ್ಯ? ಈ ಪ್ರಶ್ನೆಗಳನ್ನು ನಾವಾಗಿಯೇ ಕೇಳಿಕೊಳ್ಳಲಿಲ್ಲ. ನಾವು ಮಾಡಿದ ತಪ್ಪುಗಳು ನಮ್ಮಿಂದ ಕೇಳಿಸಿದವು. ಆ ವೃತ್ತಾಂತವನ್ನೇ ಇಲ್ಲಿ ಹೇಳುತ್ತೇವೆ.

ನಾವು ನಾಲ್ವರು ಸ್ನೇಹಿತರು, ಕಾಲೇಜಿನ ಕೊನೆಯ ವರ್ಷದ ವಿಜ್ಞಾನ ವಿದ್ಯಾರ್ಥಿಗಳಾಗಿದ್ದಾಗ ಹತ್ತು ನಿಮಿಷದ ಒಂದು ಕಿರುಚಿತ್ರವನ್ನು ತೆಗೆಯಲು ಹೊರಟೆವು. ಏಪ್ರಿಲ್ 30ರೊಳಗೆ ಅದನ್ನು ಅಂತರಕಾಲೇಜು ಸ್ಪರ್ಧೆಗೆ ಒಪ್ಪಿಸಬೇಕಾಗಿತ್ತು. ಕಥೆ ಸಣ್ಣದು. ಹಳ್ಳಿಯ ಹುಡುಗನೊಬ್ಬ ಓದಿಗಾಗಿ ಪಟ್ಟಣಕ್ಕೆ ಹೊರಟಿದ್ದಾನೆ. ತಾತ ತನ್ನ ಹಳೆಯ ಎಚ್.ಎಂ.ಟಿ. ಕೈಗಡಿಯಾರವನ್ನು ಮೊಮ್ಮಗನ ಮಣಿಕಟ್ಟಿಗೆ ಕಟ್ಟಿ, ‘ದಿನಾ ಕೀ ಕೊಡೋದನ್ನ ಮರೀಬೇಡ’ ಎನ್ನುತ್ತಾನೆ. ಒಂದೂವರೆ ನಿಮಿಷದ ಈ ದೃಶ್ಯದ ಮೇಲೆಯೇ ಇಡೀ ಚಿತ್ರ ನಿಂತಿತ್ತು. ಶ್ರೀರಂಗಪಟ್ಟಣಕ್ಕೆ ಸಮೀಪದ ಒಂದು ಹಳ್ಳಿಯಲ್ಲಿ, ಪೂರ್ವಾಭಿಮುಖವಾದ ಮನೆಯ ಜಗಲಿಯ ಮೇಲೆ ಡಿಸೆಂಬರ್ 24ರ ಬೆಳಿಗ್ಗೆ ಅದನ್ನು ಚಿತ್ರಿಸಿದೆವು. ತಾತನ ಪಾತ್ರ ವಹಿಸಿದವರು ಆ ಮನೆಯ ಯಜಮಾನರೇ. ನಿವೃತ್ತರಾದ ಶಾಲಾ ಮೇಷ್ಟರು. ಆಗ ಅವರ ಎರಡು ಕಣ್ಣುಗಳಿಗೂ ಪೊರೆ ಬಂದಿತ್ತು. ಗಡಿಯಾರದ ಪಟ್ಟಿಯ ತೂತನ್ನು ಅವರು ಬೆರಳಿನಿಂದ ತಡವಿ ತಡವಿ ಹುಡುಕಿದರು. ನೋಡುತ್ತ ನಿಂತಿದ್ದ ನಮಗೆ ಗಂಟಲು ಕಟ್ಟಿತು. ದೃಶ್ಯ ಬಹಳ ಚೆನ್ನಾಗಿ ಬಂದಿತೆಂದು ನಂಬಿ ಊರಿಗೆ ಮರಳಿದೆವು.

ಸಂಕಲನದ ಮೇಜಿನ ಮುಂದೆ

ಪರೀಕ್ಷೆಗಳ ಗಡಿಬಿಡಿಯಲ್ಲಿ ಮಾರ್ಚ್ ತಿಂಗಳವರೆಗೆ ಆ ಕಡೆಗೆ ಗಮನ ಕೊಡಲಾಗಲಿಲ್ಲ. ಕೊನೆಗೊಂದು ರಾತ್ರಿ ಕಂಪ್ಯೂಟರಿನ ಮುಂದೆ ಕುಳಿತು ಚಿತ್ರದ ತುಣುಕುಗಳನ್ನು ಜೋಡಿಸತೊಡಗಿದಾಗ ಮೂರು ದೋಷಗಳು ಒಂದರ ಹಿಂದೊಂದು ಹೊರಬಿದ್ದವು.

ಮೊದಲನೆಯದು ಮಸೂರದ ದೋಷ. ಹಿನ್ನೆಲೆ ಮಸುಕಾಗಿ ಕಂಡರೆ ಚಿತ್ರ ಅಂದವಾಗಿರುತ್ತದೆಂದು ನಾವು ಮಸೂರದ ರಂಧ್ರವನ್ನು ಪೂರ್ತಿ ತೆರೆದಿದ್ದೆವು. ಸಂಗಮ ದೂರ 50 ಮಿಲಿಮೀಟರ್, ರಂಧ್ರದ ಅಂಕ 1.8, ವಸ್ತುವಿನ ದೂರ ಒಂದೂವರೆ ಮೀಟರ್. ಹೀಗಿದ್ದಾಗ ಸ್ಪಷ್ಟವಾಗಿ ಮೂಡುವ ಪ್ರದೇಶದ ಆಳ ಸುಮಾರು 10 ಸೆಂಟಿಮೀಟರ್ ಮಾತ್ರ. ಕ್ಯಾಮರಾ ಗಡಿಯಾರದ ಮೇಲೆ ನೆಟ್ಟಿತ್ತು. ಮುಖವು ಅದಕ್ಕಿಂತ 30 ಸೆಂಟಿಮೀಟರಿನಷ್ಟು ಹಿಂದೆ ಇತ್ತು. ಆದುದರಿಂದ ಬೆರಳುಗಳ ಗೆರೆಗಳು ಕೂಡ ಎಣಿಸುವಂತೆ ಬಂದಿದ್ದವು. ಮೇಷ್ಟರ ಮುಖ ಮಾತ್ರ ಮಂಜಿನಲ್ಲಿ ಮುಳುಗಿದಂತಿತ್ತು.

ಎರಡನೆಯದು ಶಬ್ದದ ದೋಷ. ಪಕ್ಕದ ತೋಟದ ಪಂಪ್‌ಸೆಟ್ಟಿನ ಸದ್ದು ಮೇಷ್ಟರ ಮಾತನ್ನು ನುಂಗಿಹಾಕಿತ್ತು. ಅಲ್ಲಿ ನಿಂತಿದ್ದಾಗ ಆ ಸದ್ದು ನಮ್ಮ ಕಿವಿಗೆ ಬಿದ್ದಿರಲೇ ಇಲ್ಲ. ನಮ್ಮ ಮಿದುಳು ಬೇಕಾದುದನ್ನು ಆರಿಸಿ ಬೇಡವಾದುದನ್ನು ಹಿಂದಕ್ಕೆ ತಳ್ಳುತ್ತದೆ. ಮೈಕಿಗೆ ಅಂತಹ ವಿವೇಚನೆಯಿಲ್ಲ.

ಮೂರನೆಯದು ದಿಕ್ಕಿನ ದೋಷ. ಮಾತನಾಡುವ ಇಬ್ಬರ ನಡುವೆ ಒಂದು ಗೆರೆಯನ್ನು ಕಲ್ಪಿಸಿಕೊಳ್ಳಿರಿ. ಕ್ಯಾಮರಾ ಆ ಗೆರೆಯ ಒಂದೇ ಪಕ್ಕದಲ್ಲಿ ಉಳಿದರೆ ತೆರೆಯ ಮೇಲೆ ಒಬ್ಬನು ಎಡಕ್ಕೂ ಮತ್ತೊಬ್ಬನು ಬಲಕ್ಕೂ ನೋಡುತ್ತಾನೆ. ಇಬ್ಬರೂ ಪರಸ್ಪರ ನೋಡುತ್ತಿದ್ದಾರೆಂದು ನಮಗೆ ಅನ್ನಿಸುತ್ತದೆ. ಕ್ಯಾಮರಾ ಗೆರೆಯನ್ನು ದಾಟಿತೋ, ಇಬ್ಬರೂ ಒಂದೇ ದಿಕ್ಕಿಗೆ ಮುಖ ಮಾಡಿದಂತೆ ಕಾಣುತ್ತಾರೆ. ಹುಡುಗನ ಮುಖವನ್ನು ಹತ್ತಿರದಿಂದ ತೆಗೆಯುವಾಗ ಜಾಗ ಸಾಲದೆಂದು ನಾವು ಆಚೆಯ ಪಕ್ಕಕ್ಕೆ ಹೋಗಿದ್ದೆವು. ಅದರ ಫಲವಾಗಿ ತಾತನೂ ಮೊಮ್ಮಗನೂ ಯಾವುದೋ ಮೂರನೆಯವನ ದಾರಿ ಕಾಯುತ್ತಿರುವಂತೆ ಕಂಡರು!

ದೂರದಿಂದ ತೆಗೆದ ದೃಶ್ಯವೊಂದೇ ನಿರ್ದೋಷವಾಗಿತ್ತು: ಮನೆ, ಜಗಲಿ, ಅಂಗಳದ ತುಳಸಿಕಟ್ಟೆ, ಕುಳಿತ ಇಬ್ಬರು. ಅದನ್ನು ಉಳಿಸಿಕೊಂಡು, ಹತ್ತಿರದ ದೃಶ್ಯಗಳನ್ನು ಮಾತ್ರ ಮತ್ತೆ ತೆಗೆಯುವುದೆಂದು ತೀರ್ಮಾನಿಸಿದೆವು.

ಮರುಚಿತ್ರೀಕರಣವೆಂದರೆ ನಾಚಿಕೆಪಡಬೇಕಾದ ಸಂಗತಿಯಲ್ಲ. ಸತ್ಯಜಿತ್ ರಾಯ್ ಅವರು 1952ರಲ್ಲಿ ‘ಪಥೇರ್ ಪಾಂಚಾಲಿ’ಯನ್ನು ಆರಂಭಿಸಿದಾಗ ಬಿಳಿಯ ಕಾಶ ಹೂಗಳ ಬಯಲಿನಲ್ಲಿ ಒಂದು ದಿನ ಚಿತ್ರಿಸಿ, ಮುಂದಿನ ವಾರ ಅಲ್ಲಿಗೆ ಹೋಗಿ ನೋಡಿದರೆ ದನಗಳು ಹೂಗಳನ್ನೆಲ್ಲ ಮೇಯ್ದುಬಿಟ್ಟಿದ್ದವು. ಆ ದೃಶ್ಯವನ್ನು ಮುಗಿಸಲು ಅವರು ಮರುವರ್ಷದ ಹೂವಿನ ಕಾಲದವರೆಗೆ ಕಾಯಬೇಕಾಯಿತು. ಚಿತ್ರ ತೆರೆಕಂಡದ್ದು 1955ರಲ್ಲಿ. ನಮಗಾದರೋ ಒಂದು ವರ್ಷ ಕಾಯಲು ಅವಕಾಶವಿರಲಿಲ್ಲ.

ಸೂರ್ಯನ ಲೆಕ್ಕ

ಪ್ರತಿ ತುಣುಕಿನೊಡನೆ ಕ್ಯಾಮರಾ ಅದನ್ನು ತೆಗೆದ ವೇಳೆಯನ್ನೂ ಬರೆದಿಟ್ಟಿತ್ತು: ಬೆಳಿಗ್ಗೆ 9 ಗಂಟೆ 23 ನಿಮಿಷ. ಅದೇ ವೇಳೆಗೆ ಹೋದರೆ ಅದೇ ಬೆಳಕು ಸಿಕ್ಕುವುದೆಂದು ಭಾವಿಸಿ ಏಪ್ರಿಲ್ 21ರಂದು ಅದೇ ವೇಳೆಗೆ ಜಗಲಿಯ ಮುಂದೆ ಸಿದ್ಧರಾಗಿ ನಿಂತೆವು. ಡಿಸೆಂಬರಿನ ಚಿತ್ರದಲ್ಲಿ ಒಂದು ಮೀಟರ್ ಎತ್ತರದ ತುಳಸಿಕಟ್ಟೆಯ ನೆರಳು ಒಂದೂವರೆ ಮೀಟರ್ ಉದ್ದವಿತ್ತು. ಈಗ ನೋಡಿದರೆ ಒಂದು ಮೀಟರೂ ಇಲ್ಲ! ನಮ್ಮ ಸಪ್ಪೆ ಮುಖಗಳನ್ನು ಕಂಡು ಮೇಷ್ಟರು ನಕ್ಕರು. ‘ಸೂರ್ಯ ನಿಮ್ಮ ಗಡಿಯಾರ ನೋಡ್ಕೊಂಡು ಬರೋದಿಲ್ರಪ್ಪಾ. ಶಾಲೇಲಿ ಓದಿದ್ದನ್ನ ಮರೆತ್ರಾ?’ ಎಂದರು.

ಮರೆತಿದ್ದುದು ನಿಜ. ಡಿಸೆಂಬರ್ ಕೊನೆಯಲ್ಲಿ ಸೂರ್ಯ ಭೂಮಧ್ಯರೇಖೆಯಿಂದ ಸುಮಾರು 23.4 ಡಿಗ್ರಿ ದಕ್ಷಿಣದಲ್ಲಿರುತ್ತಾನೆ. ಏಪ್ರಿಲಿನ ಮೂರನೆಯ ವಾರದ ಹೊತ್ತಿಗೆ 12 ಡಿಗ್ರಿಯಷ್ಟು ಉತ್ತರಕ್ಕೆ ಬಂದಿರುತ್ತಾನೆ. ಮೈಸೂರು ಸೀಮೆಯ ಅಕ್ಷಾಂಶವೂ ಸುಮಾರು ಅಷ್ಟೇ. ಆದುದರಿಂದ ಆ ದಿನಗಳಲ್ಲಿ ನಡುಹಗಲಿಗೆ ಸೂರ್ಯ ನೆತ್ತಿಯ ಮೇಲೆಯೇ ನಿಲ್ಲುತ್ತಾನೆ. ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಇರುವುದಿಲ್ಲ. ಡಿಸೆಂಬರಿನಲ್ಲಾದರೋ ನಡುಹಗಲಿನಲ್ಲಿಯೂ ಅವನ ಎತ್ತರ 54 ಡಿಗ್ರಿಯನ್ನು ಮೀರುವುದಿಲ್ಲ. ಲೆಕ್ಕ ಹಾಕಿದಾಗ ಡಿಸೆಂಬರ್ 24ರ 9 ಗಂಟೆ 23 ನಿಮಿಷಕ್ಕೆ ಸೂರ್ಯನ ಎತ್ತರ 33 ಡಿಗ್ರಿ ಎಂದು ತಿಳಿಯಿತು. ಏಪ್ರಿಲಿನಲ್ಲಿ ಅವನು ಅದೇ ಎತ್ತರಕ್ಕೆ ಬರುವುದು 8 ಗಂಟೆ 30 ನಿಮಿಷದ ಸುಮಾರಿಗೆ.

ಮರುದಿನ ಎಂಟೂವರೆಗೆ ನೆರಳನ್ನು ಅಳೆದೆವು. ಸರಿಯಾಗಿ ಒಂದೂವರೆ ಮೀಟರ್! ಆದರೆ ಆ ಸಂತೋಷ ಒಂದು ನಿಮಿಷವೂ ಉಳಿಯಲಿಲ್ಲ. ಡಿಸೆಂಬರಿನಲ್ಲಿ ಕಟ್ಟೆಯ ನೆರಳು ವಾಯವ್ಯದ ಕಡೆಗೆ ಓರೆಯಾಗಿ ಬಿದ್ದಿತ್ತು. ಈಗ ಅದು ಹೆಚ್ಚುಕಡಮೆ ನೇರವಾಗಿ ಮನೆಯ ಹೊಸ್ತಿಲಿನತ್ತ ಚಾಚಿತ್ತು. ಆಗ ಸೂರ್ಯ ಪೂರ್ವದಿಂದ 39 ಡಿಗ್ರಿ ದಕ್ಷಿಣಕ್ಕಿದ್ದನು. ಈಗ 7 ಡಿಗ್ರಿ ಉತ್ತರಕ್ಕಿದ್ದಾನೆ. ಎತ್ತರ ಒಂದೇ, ದಿಕ್ಕಿನಲ್ಲಿ ಅರ್ಧ ಲಂಬಕೋನದಷ್ಟು ವ್ಯತ್ಯಾಸ. ಹಿಂದೆ ಮೇಷ್ಟರ ಬಲಗೆನ್ನೆಯ ಮೇಲೆ ಬಿಸಿಲು ಬಿದ್ದು ಮೂಗಿನ ನೆರಳು ಎಡಗೆನ್ನೆಯ ಮೇಲೆ ಬಿದ್ದಿತ್ತು. ಈಗ ಬಿಸಿಲು ಮುಖಕ್ಕೆ ಎದುರಾಗಿಯೇ ಬೀಳುತ್ತಿತ್ತು. ಈ ಎರಡನ್ನೂ ಒಂದರ ಪಕ್ಕದಲ್ಲೊಂದು ಜೋಡಿಸಿದರೆ ಎಂತಹ ಪ್ರೇಕ್ಷಕನಿಗೂ ಏನೋ ತಪ್ಪಿದೆಯೆಂದು ಅನ್ನಿಸದಿರದು.

ಸೂರ್ಯನನ್ನು ತಿರುಗಿಸುವುದು ನಮ್ಮಿಂದಾಗದು. ಆದರೆ ಹತ್ತಿರದ ದೃಶ್ಯದಲ್ಲಿ ಕಾಣುವುದು ಮುಖ ಮತ್ತು ಅದರ ಹಿಂದಿನ ಒಂದಿಷ್ಟು ಗೋಡೆ ಅಷ್ಟೇ ಅಲ್ಲವೆ? ಮೇಷ್ಟರ ಕುರ್ಚಿಯನ್ನು ಎಡಕ್ಕೆ, ಎಂದರೆ ಉತ್ತರದ ಕಡೆಗೆ, 46 ಡಿಗ್ರಿ ತಿರುಗಿಸಿದೆವು. ಹುಡುಗನನ್ನೂ ಕ್ಯಾಮರಾವನ್ನೂ ಅಷ್ಟೇ ತಿರುಗಿಸಿದೆವು. ಗೋಡೆಯ ಬದಲು ಸುಣ್ಣ ಬಳಿದ ಒಂದು ಹಲಗೆಯನ್ನು ಹಿಂದೆ ನಿಲ್ಲಿಸಿದೆವು. ಬಿಸಿಲು ಮತ್ತೆ ಬಲಗೆನ್ನೆಗೆ ಬಂದಿತು. ಮೂಗಿನ ನೆರಳು ತನ್ನ ಹಳೆಯ ಜಾಗಕ್ಕೆ ಮರಳಿತು. ಈ ಸಲ ರಂಧ್ರದ ಅಂಕವನ್ನು 8ಕ್ಕೆ ಏರಿಸಿದ್ದರಿಂದ ಸ್ಪಷ್ಟ ಪ್ರದೇಶದ ಆಳ 40 ಸೆಂಟಿಮೀಟರಿಗೂ ಮಿಕ್ಕಿತು. ಬೆಳಕು ಇಪ್ಪತ್ತರಲ್ಲಿ ಒಂದು ಪಾಲಿಗೆ ಇಳಿದರೂ ಬೆಳಗಿನ ಬಿಸಿಲಿಗೆ ಅದೇನೂ ಕೊರತೆಯಾಗಲಿಲ್ಲ. ತೋಟದವರನ್ನು ಕೇಳಿಕೊಂಡು ಅರ್ಧ ಗಂಟೆ ಪಂಪ್‌ಸೆಟ್ಟನ್ನೂ ನಿಲ್ಲಿಸಿಯಾಗಿತ್ತು.

ಕಣ್ಣು ಕಂಡದ್ದರಿಂದ ಬಂದ ತೊಡಕು

ಈ ನಡುವೆ ಇನ್ನೊಂದು ಬದಲಾವಣೆ ಆಗಿತ್ತು. ಫೆಬ್ರವರಿಯಲ್ಲಿ ಮೇಷ್ಟರ ಕಣ್ಣಿನ ಪೊರೆಯನ್ನು ಶಸ್ತ್ರಕ್ರಿಯೆಯಿಂದ ತೆಗೆದಿದ್ದರು. ‘ನಮ್ಮ ಮನೆ ಗೋಡೆ ಇಷ್ಟು ಬೆಳ್ಳಗಿದೆ ಅಂತ ನನಗೆ ಗೊತ್ತೇ ಇರ್ಲಿಲ್ಲ’ ಎಂದು ಅವರು ಅಚ್ಚರಿಪಡುತ್ತಿದ್ದರು. ಇದು ಬರಿಯ ಉತ್ಸಾಹದ ಮಾತಲ್ಲ. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗೆ ತಿರುಗಿ ನೀಲಿ ಬೆಳಕನ್ನು ತಡೆಯುತ್ತದೆ. ಬದಲಾವಣೆ ಬಹಳ ನಿಧಾನವಾಗಿ ಆಗುವುದರಿಂದ ಮಿದುಳು ಅದಕ್ಕೆ ಹೊಂದಿಕೊಂಡು, ಹಳದಿ ಗೋಡೆಯನ್ನೇ ಬಿಳಿಯೆಂದು ನಂಬುತ್ತದೆ. ಪೊರೆ ತೆಗೆದು ಹೊಸ ಮಸೂರವನ್ನಿಟ್ಟ ಮೇಲೆ ನೀಲಿ ಒಮ್ಮೆಗೇ ಮರಳುತ್ತದೆ. ಕ್ಯಾಮರಾಕ್ಕೆ ಹೀಗೆ ತಾನಾಗಿ ನಂಬುವ ಗುಣ ಅಷ್ಟಾಗಿ ಇಲ್ಲ. ಯಾವುದು ಬಿಳಿ ಎಂಬುದನ್ನು ಅದಕ್ಕೆ ತಿಳಿಸಿಕೊಡಬೇಕು. ಮೇಣದ ಬತ್ತಿಯ ಬೆಳಕಿನ ವರ್ಣೋಷ್ಣತೆ ಸುಮಾರು 1900 ಕೆಲ್ವಿನ್, ನಡುಹಗಲಿನ ಬಿಸಿಲಿನದು ಸುಮಾರು 5500 ಕೆಲ್ವಿನ್. ಬೆಳಗಿನ ಬಿಸಿಲು ಇವೆರಡರ ನಡುವೆ ಗಳಿಗೆಗಳಿಗೆಗೂ ಬದಲಾಗುತ್ತಿರುತ್ತದೆ. ಆದಕಾರಣ ಪ್ರತಿ ದೃಶ್ಯಕ್ಕೂ ಮುಂಚೆ ಒಂದು ಬಿಳಿಯ ಹಾಳೆಯನ್ನು ಹಿಡಿದು ಕ್ಯಾಮರಾವನ್ನು ಹೊಂದಿಸಿದೆವು.

ಎಲ್ಲವೂ ಸರಿಯಾಯಿತೆನ್ನುವಾಗ ನಿಜವಾದ ತೊಡಕು ಎದುರಾಯಿತು. ಮೇಷ್ಟರು ಗಡಿಯಾರವನ್ನು ಕೈಗೆತ್ತಿಕೊಂಡು, ಪಟ್ಟಿಯ ತೂತನ್ನು ನೋಡಿ, ಎರಡು ಕ್ಷಣದಲ್ಲಿ ಕಟ್ಟಿಬಿಟ್ಟರು. ಮುಖ ಸ್ಪಷ್ಟ, ಮಾತು ಸ್ಪಷ್ಟ, ನೆರಳು ಸರಿ, ದಿಕ್ಕು ಸರಿ. ಆದರೆ ಡಿಸೆಂಬರಿನಲ್ಲಿ ನಮ್ಮ ಗಂಟಲು ಕಟ್ಟಿಸಿದ್ದ ವಸ್ತು ಅಲ್ಲಿರಲಿಲ್ಲ. ‘ಕಣ್ಣು ಕಾಣದವರ ಹಾಗೆ ಸ್ವಲ್ಪ ತಡವಿ ಕಟ್ಟುತ್ತೀರಾ ಮೇಷ್ಟ್ರೇ?’ ಎಂದು ಕೇಳಿದೆವು. ಅವರು ಎರಡು ಸಲ ಪ್ರಯತ್ನಿಸಿ ಕೈಬಿಟ್ಟರು. ‘ಅದು ನನಗೆ ಬರೋದಿಲ್ಲಪ್ಪ. ಅವತ್ತು ನಾನು ನಟಿಸಿರ್ಲಿಲ್ಲ’ ಎಂದರು. ಕೇಳಬಾರದುದನ್ನು ಕೇಳಿದೆವೆಂದು ನಮಗೆ ನಾಚಿಕೆಯಾಯಿತು.

ಊರಿಗೆ ಮರಳಿದ ಮೇಲೆ ನಮ್ಮಲ್ಲಿ ವಾದ ಹುಟ್ಟಿತು. ಇಬ್ಬರು ಏಪ್ರಿಲಿನ ನಿರ್ದೋಷವಾದ ದೃಶ್ಯವೇ ಇರಲಿ ಎಂದರು. ಇನ್ನಿಬ್ಬರು ಮಸುಕಾದರೂ ಡಿಸೆಂಬರಿನದೇ ಬೇಕೆಂದರು. ಅಮೆರಿಕದ ಹೆಸರಾಂತ ಸಂಕಲನಕಾರ ವಾಲ್ಟರ್ ಮರ್ಚ್, ಎರಡು ದೃಶ್ಯಗಳನ್ನು ಎಲ್ಲಿ ಕತ್ತರಿಸಿ ಎಲ್ಲಿ ಸೇರಿಸಬೇಕೆಂಬುದಕ್ಕೆ ಆರು ಒರೆಗಲ್ಲುಗಳನ್ನು ಹೇಳಿದ್ದಾರೆ. ಅವುಗಳಲ್ಲಿ ಭಾವಕ್ಕೆ ನೂರರಲ್ಲಿ 51 ಅಂಕಗಳು. ಸ್ಥಳದ ಮತ್ತು ದಿಕ್ಕಿನ ಸುಸಂಗತಿಗೆ ಎಲ್ಲಕ್ಕಿಂತ ಕಡಮೆ. ಆ ಮಾತನ್ನು ಓದಿದ್ದರೂ ಒಂದನ್ನು ಆರಿಸಿ ಇನ್ನೊಂದನ್ನು ಬಿಡಲು ನಮಗೆ ಮನಸ್ಸು ಬರಲಿಲ್ಲ.

ಕತ್ತರಿಯನ್ನು ಒಪ್ಪಿಕೊಳ್ಳುವ ಮನಸ್ಸು

ಇಲ್ಲಿ ವಾಚಕರು ಒಂದು ಸಣ್ಣ ಪ್ರಯೋಗವನ್ನು ಮಾಡಿನೋಡಬಹುದು. ಕನ್ನಡಿಯ ಮುಂದೆ ನಿಂತು ನಿಮ್ಮ ಎಡಗಣ್ಣನ್ನು ನೋಡಿರಿ. ಅನಂತರ ಬಲಗಣ್ಣನ್ನು ನೋಡಿರಿ. ದೃಷ್ಟಿ ಒಂದರಿಂದ ಇನ್ನೊಂದಕ್ಕೆ ಸರಿಯಿತು, ನಿಜ. ಆದರೆ ಕಣ್ಣು ಚಲಿಸಿದ್ದನ್ನು ನೀವು ಕಂಡಿರಾ? ಪಕ್ಕದಲ್ಲಿ ನಿಂತವರಿಗೆ ಅದು ಕಾಣುತ್ತದೆ, ನಿಮಗೆ ಕಾಣುವುದಿಲ್ಲ. ನಮ್ಮ ಕಣ್ಣು ಸೆಕೆಂಡಿಗೆ ಸುಮಾರು ಮೂರು ಸಲ ಹೀಗೆ ಜಿಗಿಯುತ್ತದೆ. ಜಿಗಿತದ ಹೊತ್ತಿನಲ್ಲಿ ಬರುವ ಮಸುಕು ಚಿತ್ರವನ್ನು ಮಿದುಳು ಅದುಮಿಬಿಡುತ್ತದೆ. ಎಂದರೆ ನಾವು ಲೋಕವನ್ನು ಕಾಣುವುದೇ ತುಣುಕುಗಳಲ್ಲಿ. ಮಿದುಳು ಅವನ್ನು ಹೊಲಿದು ಅಖಂಡವಾದುದೊಂದನ್ನು ಸಿದ್ಧಪಡಿಸುತ್ತದೆ. ಚಲಚ್ಚಿತ್ರದ ಕತ್ತರಿಗೆ ನಾವು ಬೆಚ್ಚದಿರುವುದಕ್ಕೆ ಇದೂ ಒಂದು ಕಾರಣವೆಂದು ಹೇಳಬಹುದು.

ಮಿದುಳು ಹೊಲಿಯುವುದಲ್ಲದೆ ಅರ್ಥವನ್ನೂ ತುಂಬುತ್ತದೆ. 1920ರ ಸುಮಾರಿಗೆ ರಷ್ಯಾದ ಲೆವ್ ಕುಲೆಷೋವ್ ಎಂಬ ನಿರ್ದೇಶಕ, ನಟನೊಬ್ಬನ ನಿರ್ಭಾವವಾದ ಒಂದೇ ಮುಖವನ್ನು ಒಮ್ಮೆ ಸೂಪಿನ ಬಟ್ಟಲಿನ ಚಿತ್ರದ ಪಕ್ಕದಲ್ಲಿಯೂ ಮತ್ತೊಮ್ಮೆ ಶವಪೆಟ್ಟಿಗೆಯ ಚಿತ್ರದ ಪಕ್ಕದಲ್ಲಿಯೂ ಜೋಡಿಸಿ ತೋರಿಸಿದನು. ನೋಡಿದವರು ಆ ಮುಖದಲ್ಲಿ ಒಮ್ಮೆ ಹಸಿವನ್ನೂ ಮತ್ತೊಮ್ಮೆ ದುಃಖವನ್ನೂ ಕಂಡರೆಂದು ಹೇಳುತ್ತಾರೆ. ಮುಖ ಬದಲಾಗಿರಲಿಲ್ಲ, ಬದಲಾದುದು ಅದರ ನೆರೆಹೊರೆ.

ಇದನ್ನು ನೆನೆಯುತ್ತಿರುವಾಗ ನಮಗೊಂದು ದಾರಿ ಹೊಳೆಯಿತು. ಡಿಸೆಂಬರಿನ ಚಿತ್ರದಲ್ಲಿ ಮುಖ ಮಸುಕಾಗಿದ್ದರೂ ಕೈಗಳು ಸ್ಫುಟವಾಗಿದ್ದುವಲ್ಲವೆ? ನಮ್ಮ ಕ್ಯಾಮರಾದ ಚಿತ್ರದ ಅಗಲ 3840 ಬಿಂದುಗಳು. ಸ್ಪರ್ಧೆಗೆ ಬೇಕಾದುದು 1920. ಹಾಗಾಗಿ ಚಿತ್ರದ ಕೆಳಗಿನ ಕಾಲುಭಾಗವನ್ನು ಮಾತ್ರ ಆರಿಸಿಕೊಂಡರೂ ಸ್ಪಷ್ಟತೆ ಕೆಡುವಂತಿರಲಿಲ್ಲ. ಅಲ್ಲಿ ಮುಖವೇ ಇಲ್ಲ. ತಡವುತ್ತಿರುವ ಹತ್ತು ಬೆರಳುಗಳು, ಒಂದು ಮಣಿಕಟ್ಟು, ಒಂದು ಗಡಿಯಾರ. ಅದರ ಮೇಲೆ ಏಪ್ರಿಲಿನ ಸ್ವಚ್ಛವಾದ ಮಾತನ್ನು ಕೂಡಿಸಿದೆವು. ಕೊನೆಯಲ್ಲಿ, ಪಟ್ಟಿ ಬಿಗಿದ ಕ್ಷಣಕ್ಕೆ ಸರಿಯಾಗಿ, ಏಪ್ರಿಲಿನ ಮುಖ: ಮೇಷ್ಟರು ತಲೆಯೆತ್ತಿ ಹುಡುಗನನ್ನು ನೆಟ್ಟ ನೋಟದಿಂದ ನೋಡುತ್ತಾರೆ.

ತುಟಿ ಕಾಣದೆಡೆಯಲ್ಲಿ ಮಾತನ್ನು ಎಲ್ಲಿ ಬೇಕಾದರೂ ಇಡಬಹುದು. ತುಟಿ ಕಂಡಾಗ ಮಾತ್ರ ಎಚ್ಚರ ಬೇಕು. ಸೆಕೆಂಡಿಗೆ 24 ಚಿತ್ರಗಳಂತೆ ಓಡುವಾಗ ಒಂದು ಚಿತ್ರದ ಆಯುಷ್ಯ ಸುಮಾರು 42 ಮಿಲಿಸೆಕೆಂಡ್. ಶಬ್ದ ಚಿತ್ರಕ್ಕಿಂತ 45 ಮಿಲಿಸೆಕೆಂಡ್ ಮುಂದೋಡಿದರೆ ನೋಡುವವರಿಗೆ ಅದು ಗೊತ್ತಾಗತೊಡಗುತ್ತದೆ. ಹಿಂದೆ ಬಿದ್ದರೆ ಮಾತ್ರ ಸುಮಾರು 125 ಮಿಲಿಸೆಕೆಂಡುಗಳವರೆಗೆ ಗೊತ್ತಾಗುವುದಿಲ್ಲ. ಪ್ರಕೃತಿಯಲ್ಲಿ ಶಬ್ದ ಯಾವಾಗಲೂ ಬೆಳಕಿನ ಹಿಂದೆಯೇ ಬರುವುದಷ್ಟೆ? ದೂರದಲ್ಲಿ ಅಗಸ ಬಟ್ಟೆ ಒಗೆಯುವುದನ್ನು ನೋಡಿದವರೆಲ್ಲರೂ ಇದನ್ನು ಬಲ್ಲರು. ಮಾತುಗಳ ನಡುವಿನ ಸಂದುಗಳನ್ನು ಬರಿದಾಗಿ ಬಿಡದೆ, ಆ ಜಗಲಿಯಲ್ಲಿಯೇ ಒಂದು ನಿಮಿಷ ಸುಮ್ಮನಿದ್ದು ಮುದ್ರಿಸಿಕೊಂಡಿದ್ದ ಮೌನದಿಂದ ತುಂಬಿದೆವು. ಪ್ರತಿ ಸ್ಥಳದ ಮೌನಕ್ಕೂ ತನ್ನದೇ ಒಂದು ಧ್ವನಿಯುಂಟು.

ಜೋಡಿಸಿದ್ದನ್ನು ಓಡಿಸಿ ನೋಡಿದೆವು. ಕೈಗಳು ತಡವುತ್ತವೆ, ತಡವುತ್ತವೆ. ಕೊನೆಗೆ ತೂತು ಸಿಕ್ಕುತ್ತದೆ. ಆಮೇಲೆ ಆ ನೋಟ. ಆ ಕೈಗೂ ಆ ನೋಟಕ್ಕೂ ನಡುವೆ ನಾಲ್ಕು ತಿಂಗಳು ಕಳೆದಿದೆ, ಒಂದು ಶಸ್ತ್ರಕ್ರಿಯೆ ನಡೆದಿದೆ. ತೆರೆಯ ಮೇಲೆ ಅದು ಒಂದು ಚಿತ್ರದಿಂದ ಮುಂದಿನ ಚಿತ್ರಕ್ಕೆ ಇಡುವ ಹೆಜ್ಜೆ ಮಾತ್ರ. ಏನೂ ತಿಳಿಯದ ಮೂವರು ಸಹಪಾಠಿಗಳಿಗೆ ತೋರಿಸಿದೆವು. ಯಾರೂ ನೆರಳಿನ ವಿಷಯ ಎತ್ತಲಿಲ್ಲ; ನಾಲ್ಕು ತಿಂಗಳ ವಿಷಯವನ್ನೂ ಎತ್ತಲಿಲ್ಲ. ಒಬ್ಬನು ಮಾತ್ರ, ‘ತಾತ ಬೇಕೆಂದೇ ನಿಧಾನವಾಗಿ ಕಟ್ಟುತ್ತಿದ್ದಾರೆ, ಅಲ್ಲವೆ? ಕಟ್ಟಿ ಮುಗಿದರೆ ಹುಡುಗ ಎದ್ದು ಹೊರಡುತ್ತಾನಲ್ಲ’ ಎಂದನು. ಇದನ್ನು ನಾವು ಯೋಚಿಸಿಯೇ ಇರಲಿಲ್ಲ!

ಆದರೂ ಒಂದು ಅಳುಕು ಉಳಿಯಿತು. ಇದು ಮೋಸವಲ್ಲವೆ? ಪ್ರಯೋಗಶಾಲೆಯಲ್ಲಿ ಎರಡು ದಿನಗಳ ಅಳತೆಗಳನ್ನು ಒಂದೇ ದಿನದವೆಂದು ಬರೆದರೆ ಅದು ಅಪರಾಧ. ಕಥಾಚಿತ್ರದ ನಿಯಮ ಬೇರೆ, ಒಪ್ಪುತ್ತೇವೆ. ಆದರೆ ಇಲ್ಲಿದ್ದ ಕುರುಡು ಕಥೆಯದಾಗಿರಲಿಲ್ಲ, ಒಬ್ಬ ಮನುಷ್ಯನದಾಗಿತ್ತು. ಅದನ್ನು ಈಗ ಅವರು ಕಳೆದುಕೊಂಡಿದ್ದರು. ಆದ್ದರಿಂದ ಒಪ್ಪಿಸುವ ಮುನ್ನ ಅವರನ್ನೇ ಕೇಳುವುದೆಂದು ಏಪ್ರಿಲ್ 28ರಂದು ಮತ್ತೆ ಹಳ್ಳಿಗೆ ಹೋದೆವು.

ಮೇಷ್ಟರು ಎರಡು ಸಲ ನೋಡಿದರು. ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಬಳಿಕ, ‘ಕೈಯೂ ನನ್ನದೇ, ಕಣ್ಣೂ ನನ್ನದೇ. ಎರಡೂ ಒಟ್ಟಿಗೆ ಇದ್ದ ದಿನ ಮಾತ್ರ ಇರ್ಲಿಲ್ಲ. ಇರ್ಲಿ ಬಿಡಿ, ಚೆನ್ನಾಗಿದೆ’ ಎಂದರು. ಆಮೇಲೆ ಎದ್ದು ಅಂಗಳಕ್ಕೆ ಹೋಗಿ ಒಂದು ಕೋಲನ್ನು ನೆಟ್ಟು, ಅದರ ನೆರಳಿನ ತುದಿಗೆ ಒಂದು ಕಲ್ಲನ್ನಿಟ್ಟರು. ‘ಮುಂದಿನ ಸಲ ಚಿತ್ರ ತೆಗೆಯೋಕೆ ಬಂದಾಗ ಮೊದಲು ಇದನ್ನ ಮಾಡಿ’ ಎಂದರು.

ಚಿತ್ರಕ್ಕೆ ಬಹುಮಾನ ಬರಲಿಲ್ಲ. ಕೋಲನ್ನು ನೆಡುವ ಅಭ್ಯಾಸವಾದರೋ ನಮ್ಮಲ್ಲಿ ಉಳಿಯಿತು. ಚಲಚ್ಚಿತ್ರ ತೆಗೆಯುವ ಆಸೆಯಿರುವ ವಿದ್ಯಾರ್ಥಿಗಳು ಕ್ಯಾಮರಾವನ್ನು ಹೊಂದಿಸುವ ಮುನ್ನ ಈ ಒಂದು ನಿಮಿಷದ ಕೆಲಸವನ್ನು ಮಾಡಿಟ್ಟುಕೊಳ್ಳಲಿ: ಒಂದು ಮೀಟರಿನ ಕೋಲು, ಅದರ ನೆರಳಿನ ಉದ್ದ, ಅದು ಬಿದ್ದ ದಿಕ್ಕು, ದಿನಾಂಕ, ವೇಳೆ. ತಿಂಗಳುಗಳ ಬಳಿಕ ಅದೇ ಸ್ಥಳಕ್ಕೆ ಮರಳಬೇಕಾಗಿ ಬಂದರೆ, ಕುರ್ಚಿಯನ್ನು ಎಷ್ಟು ತಿರುಗಿಸಬೇಕೆಂಬುದನ್ನು ಆ ಟಿಪ್ಪಣಿಯೇ ಹೇಳುತ್ತದೆ.